ಹಲ್ಲು ಮೇಷ್ಟ್ರು ಕಡಲಿಗೆ ಹೋದದ್ದು

ಮನೆಯಿಂದ ಕಡಲಿಗೆ ಮೂರೇ ಬೀದಿ. ಆದರೂ ಹಲ್ಲು ಮೇಷ್ಟ್ರು ಮೂವತ್ತು ವರ್ಷದಲ್ಲಿ ಅಲ್ಲಿಗೆ ಹೋದದ್ದು ಬೆರಳೆಣಿಕೆಯಷ್ಟು ಸಲ, ಅದೂ ನೆಂಟರು ಯಾರಾದರೂ ಬಂದು ದುಂಬಾಲು ಬಿದ್ದಾಗ. ಮರಳು ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ, ಉಪ್ಪುಗಾಳಿಗೆ ಕನ್ನಡಕ ಮಬ್ಬಾಗುತ್ತದೆ, ನೀರು ಬಿಟ್ಟರೆ ಅಲ್ಲಿ ನೋಡುವುದಕ್ಕೆ ಇನ್ನೇನಿದೆ ಎನ್ನುವುದು ಅವರ ವಾದ.

ಅವರು ನಿಜಕ್ಕೂ ಮೇಷ್ಟ್ರಲ್ಲ. ಪಾಠ ಹೇಳುತ್ತಿದ್ದವಳು ಹೆಂಡತಿ. ಬೀದಿಯ ಅರ್ಧ ಮಕ್ಕಳಿಗೆ ಭಾಗಾಕಾರ ಕಲಿಸಿದ ಲೆಕ್ಕದ ಟೀಚರ್ ಆಕೆ. ಟೀಚರ್ ಗಂಡ ಎಂದ ಮೇಲೆ ಮೇಷ್ಟ್ರು ಎಂಬ ಪದವಿ ತಾನಾಗಿಯೇ ಬಂದು ಅಂಟಿಕೊಂಡಿತ್ತು. ಹಲ್ಲು ಸೇರಿಕೊಂಡದ್ದು ಕಸುಬಿನಿಂದ. ಊರಿನ ನಾಲ್ಕಾರು ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮೇಷ್ಟ್ರು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡಿ, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಕಟ್ಟುಹಲ್ಲಿನ ಸೆಟ್ ಮಾಡಿಕೊಡುತ್ತಿದ್ದರು. ಶಾಲೆಯ ತುಂಟರು ಒಂದಕ್ಷರ ತಿದ್ದಿ ‘ಹಲ್ಲಿ ಮೇಷ್ಟ್ರು’ ಮಾಡಿಕೊಂಡಿದ್ದರು. ಹಗಲೆಲ್ಲ ಮನೆಯ ಹಿಂದಿನ ಕೋಣೆಯ ಗೋಡೆಗೆ ಅಂಟಿಕೊಂಡೇ ಇರುವ ಮನುಷ್ಯನಿಗೆ ಆ ಹೆಸರೂ ಒಪ್ಪುವಂತೆಯೇ ಇತ್ತು. ಮೇಷ್ಟ್ರಿಗೂ ಅದು ಗೊತ್ತಿತ್ತು, ಕಿವಿಗೆ ಹಾಕಿಕೊಂಡಿರಲಿಲ್ಲ.

ಹೆಂಡತಿಯದು ತದ್ವಿರುದ್ಧ ಸ್ವಭಾವ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ಮಂಡಿನೋವಿನ ಮಾತ್ರೆ ಶುರುವಾದ ವರ್ಷ, ಆಕೆ ಅಲೆಗಳ ಮೇಲೆ ಸವಾರಿ ಮಾಡುವ ಸರ್ಫ್ ಬೋರ್ಡ್ ಒಂದನ್ನು ಹೊತ್ತುಕೊಂಡು ಮನೆಗೆ ಬಂದಳು. ಮಾಸಲು ಹಳದಿ ಬಣ್ಣದ, ಮೇಷ್ಟ್ರಿಗಿಂತ ಎರಡು ಮೊಳ ಉದ್ದದ ಹಲಗೆ. “ಯಾರದಿದು?” ಎಂದು ಮೇಷ್ಟ್ರು ಕೇಳಿದರೆ, “ನಂದೇ ರೀ” ಎಂದಳು. ಮೂರು ತಿಂಗಳಲ್ಲಿ ಬಿಟ್ಟುಬಿಡುತ್ತಾಳೆ ಎಂದುಕೊಂಡರು. ಆಕೆ ಹನ್ನೊಂದು ವರ್ಷ ಬಿಡಲಿಲ್ಲ. ಬೆಳಕು ಹರಿಯುತ್ತಲೇ ರಬ್ಬರ್ ಅಂಗಿ ತೊಟ್ಟು ಹೊರಟರೆ, ಶಾಲೆಯ ಗಂಟೆಗೆ ಒಂದು ತಾಸು ಇದೆ ಎನ್ನುವಾಗ ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ವಾಪಸಾಗುವಳು. “ನೀರು ಹೇಗಿತ್ತು?” ಎಂದು ಮೇಷ್ಟ್ರು ಕೇಳಲೇಬೇಕು, “ಚೆನ್ನಾಗಿತ್ತು” ಎಂದು ಆಕೆ ಹೇಳಲೇಬೇಕು. ಅವರಿಬ್ಬರ ಬೆಳಗಿನ ಮಾತು ಅಷ್ಟೇ.

ಆಕೆ ಐವತ್ತೈದಕ್ಕೆ ಹೋಗಿಬಿಟ್ಟಳು. ಹೊಟ್ಟೆಯೊಳಗಿನ ಗಡ್ಡೆ. ಚಳಿಗಾಲದ ಕೊನೆಗೆ ಒಂದು ಭಾನುವಾರ, ಮೇಷ್ಟ್ರು ಪೇಪರ್ ಓದುತ್ತ ಕೂತಿದ್ದಾಗ, ಎದುರಿಗೆ ಬಂದು ಕೂತು, “ರೀ, ಕನ್ನಡಕ ತೆಗೀರಿ, ಒಂದು ವಿಷಯ ಹೇಳ್ಬೇಕು” ಎಂದಿದ್ದಳು. ಅಲ್ಲಿಂದ ಮೂರು ತಿಂಗಳು. ಮೇಷ್ಟ್ರು ಆ ಮೂರು ತಿಂಗಳು ಕೆಲಸದ ಕೋಣೆಯ ಬಾಗಿಲು ತೆರೆಯಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಪಕ್ಕದ ಊರಿನಿಂದ ನಾದಿನಿ ಬಂದು ಅಕ್ಕನ ಹಾಸಿಗೆಯ ಪಕ್ಕ ಕೂತಳು, ಮೇಷ್ಟ್ರು ಇನ್ನೊಂದು ಪಕ್ಕ ಕೂತರು. ಆಮೇಲೆ ಎಲ್ಲ ಮುಗಿಯಿತು.

ಮುಗಿದು ಎಂಟು ತಿಂಗಳಾದ ಮೇಲೆ ನಾದಿನಿ ಮತ್ತೆ ಬಂದಳು, ಅಕ್ಕನ ಬಟ್ಟೆಬರೆ ವಿಲೇವಾರಿ ಮಾಡಲು. ಎರಡು ದಿನ ಇದ್ದು ಬೀರು ಖಾಲಿ ಮಾಡಿದಳು. ಹೊರಡುವ ಮುನ್ನ, ಮನೆಯ ಪಕ್ಕದ ಓಣಿಯಲ್ಲಿ ಗೋಡೆಗೆ ಒರಗಿಸಿದ್ದ ಹಲಗೆ ನೋಡಿ ಮುಖ ಸಿಂಡರಿಸಿದಳು.

“ಭಾವ, ಇದನ್ನ ಮೊದ್ಲು ಯಾರಿಗಾದ್ರೂ ಕೊಟ್ಬಿಡಿ. ಹೋಗ್ತಾ ಬರ್ತಾ ಕಣ್ಣಿಗೆ ಬೀಳುತ್ತೆ. ಈ ಚಳಿನೀರಿಂದಾನೇ ಅವಳ ಮೈ ಹಾಳಾಗಿದ್ದು.”

“ಚಳಿಗೆ ಗಡ್ಡೆ ಬರಲ್ಲಮ್ಮ” ಎಂದರು ಮೇಷ್ಟ್ರು.

“ನಿಮಗೇನು ಗೊತ್ತು” ಎಂದು ಅವಳು ಬಸ್ಸಿಗೆ ಹೊರಟಳು.

ಕೊಡುವುದಾದರೆ ಯಾರಿಗೆ ಕೊಡುವುದು? ಕಡಲಿನ ಕಡೆಯವರಿಗೆ ತಾನೇ. ಮಾರನೆಯ ಬೆಳಿಗ್ಗೆ ಮೇಷ್ಟ್ರು ಹಲಗೆಯನ್ನು ಕಂಕುಳಲ್ಲಿ ಹಿಡಿದು ಹೊರಟರು. ಕಂಕುಳಿಗೆ ಅದು ಹಿಡಿಯಲಿಲ್ಲ. ತಲೆಯ ಮೇಲೆ ಹೊತ್ತರು. ಮೊದಲನೆಯ ತಿರುವಿನಲ್ಲೇ ಗಾಳಿ ಅದನ್ನು ಹಿಡಿದು ಬುಗುರಿಯಂತೆ ತಿರುಗಿಸಿತು, ಜೊತೆಗೆ ಮೇಷ್ಟ್ರನ್ನೂ. ಹಾಲಿನ ಅಂಗಡಿಯವನು ನಗು ತಡೆದುಕೊಂಡದ್ದು ಕಂಡಿತು. ಇಂಥದ್ದನ್ನು ಈ ಹೆಂಗಸು ದಿನಾ ಹೊತ್ತಳಲ್ಲ ಎಂದು ಮೇಷ್ಟ್ರಿಗೆ ಅಚ್ಚರಿಯಾಯಿತು. ಹನ್ನೊಂದು ವರ್ಷದಲ್ಲಿ ಅವರು ಅದನ್ನು ಎತ್ತಿ ನೋಡಿಯೇ ಇರಲಿಲ್ಲ.

ಆ ಕಡಲತೀರ ಹೊರಗಿನವರು ಹುಡುಕಿಕೊಂಡು ಬರುವಂಥದ್ದಲ್ಲ. ಎರಡು ಮನೆಗಳ ಕಾಂಪೌಂಡಿನ ನಡುವೆ ಒಬ್ಬರು ನಡೆಯುವಷ್ಟು ಸಂದಿ, ಸಂದಿ ಮುಗಿದಲ್ಲಿ ಸಿಮೆಂಟಿನ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಕಾಲು ತೊಳೆಯಲು ಒಂದು ನಲ್ಲಿ, ಬಣ್ಣ ಕಿತ್ತುಹೋದ ಒಂದು ಬೆಂಚು. ಆಚೆಗೆ ಅರ್ಧಚಂದ್ರದಂತೆ ಬಾಗಿದ ಸಣ್ಣ ಮರಳುದಂಡೆ. ಎಡಗಡೆಯ ಬಂಡೆಸಾಲನ್ನು ದಾಟಿ ಬರುವ ಅಲೆ ಅಲ್ಲಿಂದ ನಿಧಾನಕ್ಕೆ ಬಿಚ್ಚಿಕೊಳ್ಳುತ್ತ ದಡದವರೆಗೆ ಓಡುತ್ತಿತ್ತು. ಮೋಡ ಕವಿದ ಬೆಳಿಗ್ಗೆ ಅದು. ನೀರು ಸೀಸದ ಬಣ್ಣಕ್ಕಿತ್ತು. ನಾಲ್ಕೈದು ತಲೆಗಳು ದೂರದಲ್ಲಿ ತೇಲುತ್ತಿದ್ದವು. 

ನೀರಿನಿಂದ ಮೊದಲು ಎದ್ದುಬಂದವನು ಒಬ್ಬ ಪ್ಲಂಬರ್. ಮೇಷ್ಟ್ರಿಗೆ ಅವನ ಗುರುತಿತ್ತು, ಎರಡು ಸಲ ಮನೆಗೆ ಬಂದು ಬಚ್ಚಲಿನ ಪೈಪು ಸರಿಮಾಡಿಹೋಗಿದ್ದ. ಅವನ ಹಿಂದೆಯೇ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಹೆಂಗಸು ಬಂದಳು, ಮೂವತ್ತರ ಆಸುಪಾಸಿನವಳು. ಇಬ್ಬರೂ ಮೊದಲು ನೋಡಿದ್ದು ಹಲಗೆಯನ್ನು, ಆಮೇಲೆ ಮೇಷ್ಟ್ರನ್ನು.

“ಟೀಚರ್ ಬೋರ್ಡು” ಎಂದಳು ಅಂಚೆಯವಳು, ಮೆಲ್ಲಗೆ.

ಪ್ಲಂಬರ್ ಬೆಂಚಿನ ಮೇಲಿದ್ದ ಟವೆಲ್ ಸರಿಸಿ ಜಾಗ ಮಾಡಿದ. “ಕೂತ್ಕೊಳ್ಳಿ ಮೇಷ್ಟ್ರೇ. ಟೀಚರ್ ಹೋದ ದಿನ ನಾವೆಲ್ಲ ನಿಮ್ಮ ಮನೆ ಗೇಟಿನವರೆಗೂ ಬಂದಿದ್ವಿ. ಒಳಗೆ ತುಂಬ ಜನ ಇದ್ರು. ಕಡಲಿನ ಜೊತೆಯವರು ಅಂತ ನಮ್ಮ ಪರಿಚಯ ಯಾರಿಗೂ ಇಲ್ವಲ್ಲ, ಹಾಗೇ ವಾಪಸ್ ಬಂದ್ವಿ.”

ಮೇಷ್ಟ್ರು ಕೂತರು. ಹಲಗೆ ಯಾರಿಗಾದರೂ ಬೇಕಾದರೆ ತೆಗೆದುಕೊಳ್ಳಲಿ ಎಂದು ಬಂದೆ ಎಂದರು. ಅಂಚೆಯವಳು ಹಲಗೆಯ ಅಂಚನ್ನು ಸವರುತ್ತ ನಿಂತಳು. ಅವಳಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿರಬೇಕು.

“ತುಂಬ ಗಟ್ಟಿ ಜೀವ ಸರ್ ಅವರದ್ದು. ರಿಪೋರ್ಟ್ ಬಂದ ದಿನ ಇದೇ ಬೆಂಚಲ್ಲಿ ಕೂತು ನಮಗೆ ಹೇಳಿದ್ರು. ಆಗಿನ್ನೂ ಚಳಿ ಶುರುವಾಗ್ತಾ ಇತ್ತು. ನಾನೇ ಅತ್ತುಬಿಟ್ಟೆ, ಅವರು ಅಳಲಿಲ್ಲ.”

“ಚಳಿ ಮುಗೀತಾ ಇತ್ತು” ಎಂದು ಮೇಷ್ಟ್ರು ತಿದ್ದಿದರು.

“ಇಲ್ಲ ಸರ್, ಶುರು. ನನಗೆ ಹೊಸ ವೆಟ್‌ಸೂಟ್, ಈ ರಬ್ಬರ್ ಅಂಗಿ, ಬಂದ ವಾರ ಅದು...” ಎಂದವಳು ಪ್ಲಂಬರನ ಮುಖ ನೋಡಿ ತಟ್ಟನೆ ಬಾಯಿ ಮುಚ್ಚಿಕೊಂಡಳು. ಪ್ಲಂಬರ್ ಮರಳು ನೋಡುತ್ತಿದ್ದ.

 ಚಳಿಯ ಶುರು ಎಂದರೆ, ಆಕೆ ತಮಗೆ ಹೇಳುವುದಕ್ಕಿಂತ ನಾಲ್ಕು ತಿಂಗಳು ಮುಂಚೆ. ಒಂದು ಸೂರಿನಡಿ ಇದ್ದು, ಒಂದು ಹಾಸಿಗೆಯಲ್ಲಿ ಮಲಗಿ, ನಾಲ್ಕು ತಿಂಗಳು ಈ ಬಗ್ಗೆ ಒಂದು ಮಾತು ಆಡಿರಲಿಲ್ಲ. ಪೈಪು ರಿಪೇರಿಯವನಿಗೆ ಗೊತ್ತಿತ್ತು. ಕಾಗದ ವಿಂಗಡಿಸುವವಳಿಗೆ ಗೊತ್ತಿತ್ತು. ಮೇಷ್ಟ್ರು ಎದ್ದು ನಿಂತು, ಹಲಗೆಯನ್ನು ಮತ್ತೆ ತಲೆಗೇರಿಸಿ, “ಇನ್ನೊಂದಿನ ನೋಡೋಣ” ಎಂದು ಮೆಟ್ಟಿಲು ಹತ್ತಿದರು. ಪ್ಲಂಬರ್ ಹಿಂದೆಯೇ ಬಂದು ಒಂದು ತುದಿ ಹಿಡಿಯಲು ಹೋದ. “ಬಿಡಪ್ಪ” ಎಂದರು ಮೇಷ್ಟ್ರು. ಅವನು ಬಿಟ್ಟ.

ಆಮೇಲಿನ ಎರಡು ವಾರ ಮೇಷ್ಟ್ರು ಕೆಲಸಕ್ಕೆ ಕೂತರೂ ಕೈ ಓಡಲಿಲ್ಲ. ಎರಡು ಸೆಟ್ ವಾಪಸ್ ಬಂದವು. ಕಚ್ಚಿದರೆ ಮೇಲಿನ ಸಾಲು ಕೆಳಗಿನದಕ್ಕೆ ಕೂಡುತ್ತಿಲ್ಲ, ಮಾತಾಡಿದರೆ ಟಕಟಕ ಎನ್ನುತ್ತವೆ ಎಂದು ಚೀಟಿ ಅಂಟಿಸಿ ಡಾಕ್ಟರು ಕಳಿಸಿದ್ದರು. ಮೂವತ್ತೈದು ವರ್ಷದ ಕಸುಬಿನಲ್ಲಿ ಅಂಥ ಚೀಟಿ ಅವರು ಹೆಚ್ಚು ಕಂಡವರಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟುಕೊಂಡು ಆ ನಾಲ್ಕು ತಿಂಗಳನ್ನು ಒಂದೊಂದೇ ದಿನವಾಗಿ ಕೆದಕುತ್ತ ಕೂರುವರು.

ಕೆದಕಿದಷ್ಟೂ ಸಿಕ್ಕಿದ್ದು ತಮ್ಮದೇ ಮಾತು. ಬಚ್ಚಲಲ್ಲಿ ಮರಳು ಬಿದ್ದಿದೆ ಎಂದದ್ದು. ಟವೆಲ್ ಒದ್ದೆ ಎಂದದ್ದು. “ಇದೇನು ಮನೆಯೋ, ಬಂದರೋ?” ಎಂದದ್ದು. ಆ ಚಳಿಯ ನಡುವೆ ಒಂದು ದಿನ, ನೀರು ಸುರಿಯುತ್ತಿದ್ದ ರಬ್ಬರ್ ಅಂಗಿ ತಮ್ಮ ಒಗೆದ ಬಟ್ಟೆಯ ಮೇಲೆ ಬಿದ್ದಿದ್ದು ನೋಡಿ ಅದನ್ನು ಎತ್ತಿ ಹಿತ್ತಲಿಗೆ ಎಸೆದಿದ್ದರು. “ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಈ ಕುಣಿತ?” ಎಂದಿದ್ದರು. ಆಕೆ ಹೋಗಿ ಎತ್ತಿಕೊಂಡು, ಕೊಡವಿ, ತಂತಿಗೆ ನೇತುಹಾಕಿದ್ದಳು. ಬಗ್ಗಿದವಳು ಏಳಲು ಗೋಡೆ ಹಿಡಿದಿದ್ದಳು. ಮಂಡಿನೋವು ಎಂದುಕೊಂಡಿದ್ದರು.

ಸಿಟ್ಟೂ ಬರುತ್ತಿತ್ತು. ತಪ್ಪು ಮಾಡಿಸಿಬಿಟ್ಟಳು ನನ್ನ ಕೈಯಲ್ಲಿ, ಹೇಳಿದ್ದರೆ ಹಾಗೆಲ್ಲ ಅನ್ನುತ್ತಿದ್ದೆನೇ ಎಂದು ಸತ್ತವಳ ಮೇಲೆ ಸಿಟ್ಟು. ಅದಕ್ಕೆ ಉತ್ತರ ಬೇಕಿತ್ತು. ಉತ್ತರ ಇದ್ದದ್ದು ಒಂದೇ ಕಡೆ.

ಮೂರನೆಯ ವಾರ ಬರಿಗೈಯಲ್ಲಿ ಹೋದರು. ಪ್ಲಂಬರ್ ಒಬ್ಬನೇ ಇದ್ದ, ಇನ್ನೂ ನೀರಿಗಿಳಿದಿರಲಿಲ್ಲ. ಕಾಲು ಜಾರದಂತೆ ತನ್ನ ಹಲಗೆಗೆ ಮೇಣ ತಿಕ್ಕುತ್ತಿದ್ದ. ಮೇಷ್ಟ್ರು ಪೀಠಿಕೆ ಹಾಕಲಿಲ್ಲ.

“ನನಗೆ ಯಾಕೆ ಹೇಳಲಿಲ್ಲ ಅವಳು?”

ಪ್ಲಂಬರ್ ಮೇಣದ ಉಂಡೆ ಕೆಳಗಿಟ್ಟ. “ನಾನೂ ಕೇಳಿದ್ದೆ ಮೇಷ್ಟ್ರೇ. ಮನೇಲಿ ಹೇಳಿ ಟೀಚರ್ ಅಂತ ದಿನಾ ಗೋಗರೀತಿದ್ದೆ. ಅವರು ಏನಂದ್ರು ಗೊತ್ತಾ? ‘ಹೇಳಿದ್ರೆ ಆ ಮನುಷ್ಯ ಕೆಲಸ ಬಿಟ್ಟು ನನ್ನ ಮುಖ ನೋಡ್ತಾ ಕೂತುಬಿಡ್ತಾರೆ. ಅವರು ಟವೆಲ್ ಬಗ್ಗೆ ಬೈತಾ ಇರೋವರೆಗೂ ನನಗೆ ಏನೂ ಆಗಿಲ್ಲ ಅನ್ಸುತ್ತೆ’ ಅಂದ್ರು.”

ಮೇಷ್ಟ್ರು ಬೆಂಚಿನ ಮೇಲೆ ಕೂತರು. “ಆ ಸ್ಥಿತೀಲಿ ನೀರಿಗೆ ಹೆಂಗೆ ಇಳಿಯೋಳು?” ಎಂದು ಕೇಳಿದರು.

ಪ್ಲಂಬರ್ ಉಗುರಿನಲ್ಲಿ ಮೇಣ ಕೆರೆದ. ಮೇಷ್ಟ್ರು ಬಿಡಲಿಲ್ಲ, ಮತ್ತೆ ಕೇಳಿದರು.

“ಇಳೀತಿರಲಿಲ್ಲ” ಎಂದ ಕೊನೆಗೆ. “ರಿಪೋರ್ಟ್ ಬಂದ ಮೇಲೆ ಒಂದು ವಾರವೋ ಹತ್ತು ದಿನವೋ ಇಳಿದ್ರು, ಅಷ್ಟೇ. ಆಮೇಲೆ ಶಕ್ತಿ ಇರಲಿಲ್ಲ. ನಿಮ್ಮ ಮನೆ ತಿರುವಿಂದ ಇಲ್ಲೀತನಕ, ವಾಪಸ್ ಅಲ್ಲೀತನಕ ಬೋರ್ಡ್ ಹೊರ್ತಿದ್ದೋನು ನಾನು. ಅವರು ಇದೇ ಬೆಂಚಲ್ಲಿ ಕೂತು ನಮ್ಮನ್ನ ನೋಡೋರು. ಒಂದೊಂದ್ಸಲ ವಾಂತಿ ಆಗೋದು, ಒಂದೊಂದ್ಸಲ ನಿದ್ದೆ ಹೋಗೋರು. ಹೊರಡೋ ಟೈಮಿಗೆ ಎಬ್ಬಿಸ್ತಿದ್ವಿ. ಎದ್ದು ಆ ನಲ್ಲಿ ಕೆಳಗೆ ತಲೆ ಒಡ್ಡಿ, ಅಂಗಿ ಮೇಲೆಲ್ಲ ನೀರು ಸುರ್ಕೊಂಡು ಮನೆಗೆ ಹೊರಡೋರು. ಚಳೀಲಿ ಗಡಗಡ ನಡುಗೋರು. ಬೇಡ ಟೀಚರ್ ಅಂದ್ರೆ, ‘ಒಣಗಿದ ತಲೇಲಿ ಹೋದ್ರೆ ಸಿಕ್ಕಿಬೀಳ್ತೀನಿ ಕಣೋ’ ಅಂತ ನಗೋರು.”

ಅಷ್ಟು ಹೇಳಿ ಅವನು ನೀರಿಗಿಳಿದ. ಇಳಿಯುವುದು ಬಿಟ್ಟು ಇನ್ನೇನು ಮಾಡಬೇಕೋ ಅವನಿಗೂ ತೋಚಿರಲಿಕ್ಕಿಲ್ಲ. ಮೇಷ್ಟ್ರು ಬೆಂಚಿನಲ್ಲೇ ಉಳಿದರು. ನೀರು ಚೆನ್ನಾಗಿತ್ತು, ನೀರು ಚೆನ್ನಾಗಿತ್ತು ಎಂದು ಮೂರು ತಿಂಗಳಿಗೂ ಹೆಚ್ಚು ಕಾಲ ಆಕೆ ಹೇಳಿದ್ದು ಕಿವಿಯಲ್ಲಿ ಕೊರೆಯುತ್ತಿತ್ತು. ಕಣ್ಣೀರು ಬರಬಹುದೆಂದು ಕಾದರು. ಬರಲಿಲ್ಲ. ಮೈ ಮಾತ್ರ ಒಳಗಿನಿಂದ ತಣ್ಣಗಾಗುತ್ತ ಹೋಯಿತು. ಎದ್ದು ಮನೆಗೆ ಬಂದು, ಹೊದಿಕೆ ಹೊದ್ದು ಸಂಜೆಯವರೆಗೆ ಮಲಗಿಬಿಟ್ಟರು.

ಆಮೇಲೆ ಅವರಿಗೆ ಒಂದು ಹಟ ಹಿಡಿಯಿತು. ಆ ನಾಲ್ಕು ತಿಂಗಳು ತಮ್ಮದಾಗಬೇಕಿತ್ತು, ಬೇರೆಯವರ ಪಾಲಾಗಿದೆ, ಅದನ್ನು ವಸೂಲು ಮಾಡಬೇಕು ಎಂಬಂಥ ಹಟ. ವಾರಕ್ಕೆ ಮೂರು ನಾಲ್ಕು ದಿನ ಕಡಲಿಗೆ ಹೋಗತೊಡಗಿದರು. ಪ್ಲಂಬರನನ್ನೂ ಅಂಚೆಯವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳುವರು. ಆವತ್ತು ಏನಂದಳು? ಯಾವ ಕಡೆ ಮುಖ ಮಾಡಿ ಕೂರುತ್ತಿದ್ದಳು? ನನ್ನನ್ನು ಬೈದಳೇ? ಅವರು ಪಾಪ, ನೆನಪಿದ್ದದ್ದನ್ನೆಲ್ಲ ಹೇಳಿದರು. ಸೂರ್ಯ ಬಂದರೆ ಟೀಚರ್ ಬಲಕ್ಕೆ ತಿರುಗಿ ಕೂರುವರು. ಅಂಚೆಯವಳ ಇಲಾಖೆ ಪರೀಕ್ಷೆಗೆ ಇಲ್ಲೇ ಮರಳ ಮೇಲೆ ಬೆರಳಲ್ಲಿ ಬರೆದು ಲೆಕ್ಕ ಹೇಳಿಕೊಟ್ಟಿದ್ದರು, ಅವಳು ಪಾಸಾಗಿದ್ದಳು. ಒಂದು ದಿನ ಬೆಂಚಿನಿಂದ ಎದ್ದವರು ಕುಸಿದು ಬಿದ್ದಿದ್ದರು, ಪ್ಲಂಬರ್ ತನ್ನ ವ್ಯಾನಿನಲ್ಲಿ ಮನೆಯ ತಿರುವಿನವರೆಗೆ ಬಿಟ್ಟುಬಂದಿದ್ದ. ಅದು ಯಾವ ದಿನ ಎಂದು ಮೇಷ್ಟ್ರು ಪಟ್ಟು ಹಿಡಿದು ಕೇಳಿದರು. ತಿಂಗಳು, ವಾರ ಕೂಡಿಸಿ ನೋಡಿದರೆ ಅದು ರಬ್ಬರ್ ಅಂಗಿಯನ್ನು ಹಿತ್ತಲಿಗೆ ಎಸೆದ ದಿನವೇ ಇರಬಹುದು, ಇಲ್ಲದೆಯೂ ಇರಬಹುದು. ಪ್ಲಂಬರನಿಗೆ ಖಚಿತವಿರಲಿಲ್ಲ. ಮೇಷ್ಟ್ರು ಅದೇ ದಿನ ಎಂದು ನಂಬಿಬಿಟ್ಟರು.

ಎಷ್ಟು ಹಿಂಡಿದರೂ ಒಂದು ಮಿತಿ ಇರುತ್ತದಲ್ಲ. ಎರಡು ತಿಂಗಳಲ್ಲಿ ಅವರಿಬ್ಬರ ನೆನಪು ಬರಿದಾಯಿತು. ಹೇಳಿದ್ದನ್ನೇ ಹೇಳತೊಡಗಿದರು, ಆಮೇಲೆ ಸ್ವಲ್ಪ ಕೂಡಿಸಿ ಹೇಳತೊಡಗಿದರು. ಕೂಡಿಸಿದ್ದು ಮೇಷ್ಟ್ರಿಗೆ ಗೊತ್ತಾಗುತ್ತಿತ್ತು. ಒಂದು ದಿನ ಮೇಷ್ಟ್ರು ಮೆಟ್ಟಿಲು ಇಳಿಯುವುದನ್ನು ಕಂಡು ಅಂಚೆಯವಳು ಅವಸರ ಅವಸರವಾಗಿ ನೀರಿಗೆ ನಡೆದಳು. ಅವಳ ಬೆಳಗಿನ ಒಂದು ತಾಸನ್ನು ತಾವು ತಿಂದುಹಾಕುತ್ತಿದ್ದೇವೆ ಎಂದು ಆಗ ಅವರಿಗೆ ಹೊಳೆಯಿತು. ಮಾರನೆಯ ಬೆಳಿಗ್ಗೆ ಹಲಗೆ ತಂದು ಅವಳ ಕೈಗೆ ಕೊಟ್ಟರು.

“ನನಗಾ ಸರ್?”

“ನಿನಗೇ. ನಾನಿನ್ನು ಏನೂ ಕೇಳಲ್ಲಮ್ಮ.”

ಅವಳು ಬೇಡವೆನ್ನಲಿಲ್ಲ. ಅದರ ಮೇಲೆ ನೀರಿಗಿಳಿದು ಮೊದಲನೆಯ ಅಲೆಯಲ್ಲೇ ಮಗುಚಿ ಬಿದ್ದಳು. ಅವಳಿಗೆ ಅದು ತೀರ ಉದ್ದವಾಗಿತ್ತು. ಮೇಷ್ಟ್ರು ಆ ದಿನ ಅರ್ಧ ತಾಸು ಕೂತು, ಯಾರನ್ನೂ ಏನೂ ಕೇಳದೆ ಎದ್ದು ಬಂದರು.

ವರ್ಷ ತುಂಬುವ ಹೊತ್ತಿಗೆ ನಾದಿನಿ ಬಂದಳು. ಈ ಸಲ ಅವಳ ಮನಸ್ಸಿನಲ್ಲಿ ಏನೋ ಕುದಿಯುತ್ತಿತ್ತು. ಕಾಫಿ ಲೋಟ ಮುಂದಿಟ್ಟುಕೊಂಡು, ಕುಡಿಯದೆ, ಆಸ್ಪತ್ರೆಯಿಂದ ತಂದಿದ್ದ ಹಳೆಯ ಕಾಗದಗಳನ್ನು ತಿರುವಿಹಾಕುತ್ತ ಕೂತಿದ್ದಳು. ಎದೆನೋವೆಂದು ಯಾರೋ ಡಾಕ್ಟರಿಗೆ ತೋರಿಸಿಕೊಳ್ಳಲು ಹೋದವಳು ಅಕ್ಕನ ಮಾತು ತೆಗೆದಿದ್ದಳಂತೆ. ಅಷ್ಟು ದೊಡ್ಡ ಗಡ್ಡೆಯಾದರೆ ತಿಂಗಳುಗಟ್ಟಲೆ ಮುಂಚೆಯೇ ಗುರುತು ಸಿಗಬೇಕಿತ್ತಲ್ಲ ಎಂದಿದ್ದರಂತೆ ಅವರು.

“ನೀವು ಒಂದೇ ಮನೇಲಿದ್ರಿ ಭಾವ. ತೂಕ ಇಳಿದಿದ್ದು ಕಾಣಲಿಲ್ವಾ? ಊಟ ಬಿಟ್ಟಿದ್ದು ಕಾಣಲಿಲ್ವಾ? ನಾನು ದೂರ ಇದ್ದೆ. ನೀವು ನೋಡ್ಬೇಕಿತ್ತು. ಮೊದ್ಲೇ ಕರ್ಕೊಂಡು ಹೋಗಿದ್ರೆ ನಮ್ಮಕ್ಕ ಇನ್ನೊಂದೆರಡು ವರ್ಷ ಇರೋಳು.”

ಮೇಷ್ಟ್ರು ಅವಳ ಮುಖ ನೋಡಿದರು. ಹೇಳಲು ಒಂದೇ ವಾಕ್ಯ ಸಾಕಾಗಿತ್ತು. ನಿಮ್ಮಕ್ಕನಿಗೆ ಗೊತ್ತಿತ್ತು, ನಿನಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ, ಈಗ ಮಾಡುವುದು ಹೆಚ್ಚೇನಿಲ್ಲ ಎಂದು ಡಾಕ್ಟರು ಮೊದಲ ದಿನವೇ ಹೇಳಿಬಿಟ್ಟಿದ್ದರಂತೆ, ಬೇಕಾದರೆ ಕಡಲಿನವರನ್ನು ಕೇಳು. ನಾಲಿಗೆಯ ತುದಿಯವರೆಗೂ ಬಂತು. ಅದನ್ನು ಹೇಳಿದರೆ ತಮ್ಮ ಮೇಲಿನ ಹೊರೆ ಇಳಿಯುತ್ತಿತ್ತು. ಆದರೆ ಇಳಿದ ಹೊರೆ ಹೋಗಿ ಕೂರುವುದು ಈ ಹೆಂಗಸಿನ ಎದೆಯ ಮೇಲೆ. ತನ್ನನ್ನು ಬಿಟ್ಟು ಬೀದಿಯವರ ಮುಂದೆ ಅಕ್ಕ ಬಾಯಿಬಿಟ್ಟಳೇ ಎಂದು ಇವಳೂ ತಮ್ಮ ಹಾಗೆ ದಿನ ಎಣಿಸುತ್ತ ಕೂರಬೇಕು. ಸಿಟ್ಟಿಗಾದರೆ ಎದುರಿಗೆ ಭಾವನಿದ್ದಾನೆ. ಅದೂ ಇಲ್ಲದ ಹಾಗಾದರೆ ಏನು ಮಾಡಿಯಾಳು ಎಂದು ಯೋಚಿಸಿದರು.

“ಕಾಣಲಿಲ್ಲಮ್ಮ” ಎಂದರು. “ನಾನು ನೋಡಬೇಕಿತ್ತು. ನೋಡಲಿಲ್ಲ.”

ಅದು ಸುಳ್ಳೂ ಆಗಿರಲಿಲ್ಲ.  ವರ್ಷದಿಂದ ಬಾರದಿದ್ದ ಅಳು ಆಗ ಬಂತು, ಕೆಮ್ಮಿನ ಹಾಗೆ, ತಡೆದಷ್ಟೂ ಒತ್ತರಿಸಿಕೊಂಡು. ನಾದಿನಿ ಸಮಾಧಾನ ಮಾಡಲು ಏಳಲಿಲ್ಲ. ತಾನೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಮೇಜಿನ ಆಚೆಯೇ ಕೂತು ಅತ್ತಳು. ಕತ್ತಲಾಗುವ ಮುನ್ನ ಬಸ್ಸಿದೆ ಎಂದು ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಾಗಲ್ಲ ಭಾವ, ಆದ್ರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ” ಎಂದಳು.

ಅವಳು ಆಮೇಲೆ ಬರುವುದನ್ನು ನಿಲ್ಲಿಸಿದಳು. ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ ಫೋನ್ ಮಾಡುವಳು, ಆರೋಗ್ಯ ವಿಚಾರಿಸಿ ಇಟ್ಟುಬಿಡುವಳು. ಮಾತು ಉದ್ದವಾದರೆ ಬಾಯಿ ತಪ್ಪೀತೆಂದು ಮೇಷ್ಟ್ರೂ ಉದ್ದ ಮಾಡುವುದಿಲ್ಲ. ಅವರಿಗೀಗ ಅರವತ್ತನಾಲ್ಕು. ಕೈ ಸ್ವಲ್ಪ ನಡುಗುವುದರಿಂದ ಇಡೀ ಸೆಟ್ಟಿನ ಕೆಲಸ ಬಿಟ್ಟು, ಬಿರುಕು ಬಿಟ್ಟದ್ದನ್ನು ಜೋಡಿಸುವ ಸಣ್ಣಪುಟ್ಟ ಕೆಲಸ ಮಾತ್ರ ಒಪ್ಪಿಕೊಳ್ಳುತ್ತಾರೆ. ಅಂಚೆಯವಳಿಗೆ ಬೇರೆ ಊರಿಗೆ ವರ್ಗವಾಯಿತು. ಪ್ಲಂಬರನಿಗೆ ಭುಜ ಹಿಡಿದುಕೊಂಡು ಅವನೂ ನೀರಿಗಿಳಿಯುವುದು ಅಪರೂಪ. ಈಗ ಅಲೆಯ ಮೇಲೆ ಕಾಣುವವರು ಮೇಷ್ಟ್ರಿಗೆ ಗುರುತಿಲ್ಲದವರು, ಅವರಿಗೆ ಮೇಷ್ಟ್ರ ಗುರುತೂ ಇಲ್ಲ. ಆದರೂ ಮೋಡ ಕವಿದ ಬೆಳಿಗ್ಗೆಗಳಲ್ಲಿ ಅವರು ಸಂದಿ ದಾಟಿ ಬಂದು ಕೂರುತ್ತಾರೆ. ಪ್ಲಂಬರ್ ಬಂದರೆ ಪಕ್ಕದಲ್ಲಿ ಅವನಿಗೆ ಜಾಗ ಬಿಡುತ್ತಾರೆ. ಭುಜ ಹೇಗಿದೆ ಎಂದು ಇವರು ಕೇಳುತ್ತಾರೆ, ಹಾಗೇ ಇದೆ ಎಂದು ಅವನು ಹೇಳುತ್ತಾನೆ.  ಬಿಸಿಲೇರಿದ ಮೇಲೆ ಅವನು ಕೆಲಸಕ್ಕೆ ಹೊರಡುತ್ತಾನೆ, ಇವರು ಮನೆಗೆ.